ಗೋಲ್‌ಕೀಪರ್ ಬಿಟ್ಟುಕೊಟ್ಟ ಶಾಲು

ಹ್ಯಾಂಡ್‌ಪೋಸ್ಟ್ ಎಂಬ ನಮ್ಮೂರಿನ ಫುಟ್‌ಬಾಲ್ ಕ್ಲಬ್ಬಿನ ಗೋಲ್‌ಕೀಪರ್, ಆಟಕ್ಕೆ ಮುಂಚೆ ಎಡಗಡೆಯ ಗೋಲ್‌ಕಂಬವನ್ನು ಎತ್ತಿನ ಬೆನ್ನು ತಟ್ಟುವಂತೆ ತಟ್ಟುತ್ತಿದ್ದರು. ಚೆಂಡು ಆ ಕಂಬಕ್ಕೆ ಬಡಿದು ಆಚೆ ಹೋದಾಗಲೆಲ್ಲ, ತಾವೇ ತಡೆದವರಂತೆ, "ನಾವಿಲ್ವಾ, ಬುಡ್ರಲಾ!" ಎಂದು ನಮ್ಮತ್ತ ಕೈಯೆತ್ತುವರು.

ಎಷ್ಟೋ ವರ್ಷಗಳ ಮೇಲೆ ಕ್ಲಬ್ಬು ತನ್ನ ಹಳೆಯ ಹುಲಿಗಳಿಗೆ ಸನ್ಮಾನ ಇಟ್ಟುಕೊಂಡಿತು. ವೇದಿಕೆಯ ಕುರ್ಚಿಗಳಲ್ಲೆಲ್ಲ ಚೆಂಡು ಮುಟ್ಟದ ಗಣ್ಯರು ಕೂತಿದ್ದರಿಂದ ಹುಲಿಗಳು ಸಾಲಾಗಿ ನಿಂತಿದ್ದವು. ಬಾಡಿಗೆಗೆ ತಂದ ಒಂದೇ ಮೈಸೂರು ಪೇಟ, ಫೋಟೋ ಆದಕೂಡಲೇ ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ಹೋಗುತ್ತಿತ್ತು. ನಮ್ಮ ತಂಡ ಅಷ್ಟು ಚೆನ್ನಾಗಿ ಪಾಸ್ ಮಾಡಿದ್ದನ್ನು ನಾನು ಮೈದಾನದಲ್ಲಿ ಎಂದೂ ಕಂಡಿರಲಿಲ್ಲ.

ಕಾರ್ಯದರ್ಶಿ ಶಾಲು ಹೊದಿಸುವಾಗ ಗೋಲ್‌ಕೀಪರ್ ಕಣ್ಣು ಶಾಮಿಯಾನದ ಒಂದು ಕಂಬದ ಮೇಲಿತ್ತು. ಹೋಗಿ ತಟ್ಟಿ ನೋಡಿದರು.

"ಇದು ನಮ್ ಗೋಲ್‌ಕಂಬ ಅಲ್ವೇನ್ಲಾ?"

"ಹೂಂ ಕಣಣ್ಣ. ಶಾಮಿಯಾನಕ್ಕೆ ಕಂಬ ಸಾಲ್ಲಿಲ್ಲ, ಕಿತ್ಕಂಡ್ ಬಂದೊ. ಈಗ ಆಡೋರ್ ಯಾರವ್ರೆ ಬುಡು," ಎಂದರು ಕಾರ್ಯದರ್ಶಿ.

ಗೋಲ್‌ಕೀಪರ್ ತಮ್ಮ ಶಾಲು ತೆಗೆದು ಕಂಬಕ್ಕೆ ಹೊದಿಸಿದರು.

"ನನಗಿಂತ ಜಾಸ್ತಿ ಗೋಲ್ ತಡ್ದಿರೋದು ಇದೇ ಕಣ್ಲಾ. ಇದಕ್ಕೂ ಆಟ ಬುಡ್ಸಿದ್ದೀರಲ್ಲ, ಆ ಪೇಟ ಇತ್ತ ತತ್ತಾ."