ಗೌಡರ ತಾಮ್ರದ ಚಪ್ಪಲಿ

ಪರಸಪ್ಪ ಮಾಸ್ತರರ ಹತ್ತು ಬೆರಳೂ ಕರ್ರಗೆ ಮಿರಮಿರ ಮಿಂಚುತ್ತಿದ್ದವು. ಸತ್ತ ಬ್ಯಾಟರಿ ಸೆಲ್ಲುಗಳನ್ನು ಒಡೆದು, ನಡುವಿನ ಕರಿ ಕಡ್ಡಿಯನ್ನು ಕಲ್ಲಿನಲ್ಲಿ ಅರೆಯುವ ಹುಚ್ಚು ಅವರಿಗೆ. ಎಪ್ಪತ್ತರ ದಶಕದಲ್ಲಿ ಅಣ್ಣಿಗೇರಿ ಹತ್ತಿರದ ನಮ್ಮೂರ ಹೈಸ್ಕೂಲಿನಲ್ಲಿ ಅವರು ವಿಜ್ಞಾನ ಕಲಿಸುತ್ತಿದ್ದರು, ನಾನು ಕನ್ನಡ. ಕಿಸೆಯಲ್ಲಿ ಸದಾ ಒಂದು ಸೆಲ್ಲು, ಪುಟ್ಟ ಬಲ್ಬು, ಎರಡು ತಂತಿ. ಯಾವ ಪುಡಿ ಕಂಡರೂ ತಂತಿ ಚುಚ್ಚಿ ಬಲ್ಬು ಹತ್ತುತ್ತದೆಯೇ ಎಂದು ನೋಡಬೇಕು. ನನ್ನ ಬುತ್ತಿಯ ಶೇಂಗಾ ಚಟ್ನಿಯನ್ನೂ ಬಿಡಲಿಲ್ಲ, ಪುಣ್ಯಾತ್ಮ!

"ಕರೀದು ಇದ್ದದ್ದೆಲ್ಲಾ ಕರೆಂಟ್ ಒಯ್ಯಂಗಿಲ್ರಿ, ಅಕ್ಕಾರ. ಒಲಿ ಮಸಿಗೆ ಹಚ್ಚಿದ್ರ ಬಲ್ಬ್ ಸತ್ತಂಗ ಇರ್ತೈತಿ. ಈ ಪುಡಿಗೆ ಹಚ್ಚಿ ನೋಡ್ರಿ, ಹೆಂಗ ಹತ್ತತೈತಿ!"

ಅವರು ಊರ ಹೊರಗಿನ ಕೇರಿಯಲ್ಲಿ ಹುಟ್ಟಿ, ಓದಿ, ಮಾಸ್ತರಾಗಿ ಬಂದವರು. ನಮ್ಮ ಮನೆ ಗೌಡರ ಓಣಿಯಲ್ಲಿ. ಶ್ರಾವಣದ ಒಂದು ಮುಂಜಾನೆ ಮಾಸ್ತರರು ಚಪ್ಪಲಿ ಮೆಟ್ಟಿಕೊಂಡು ಅದೇ ಓಣಿಯಲ್ಲಿ ಸಾಲಿಗೆ ಹೊರಟಿದ್ದರು.

"ಏ ಪರಸ್ಯಾ, ಮೆಟ್ಟು ಕೈಯಾಗ ಹಿಡಿಯಲೇ!" ಎಂದರು ಗೌಡರು ಕಟ್ಟೆಯ ಮೇಲಿಂದ.

"ಕೆಸರಾಗ ಮುಳ್ಳ ಅದಾವ್ರಿ."

ಗೌಡರು ಇಳಿದು ಬಂದು ಮಾಸ್ತರರ ಚಪ್ಪಲಿ ಬಿಡಿಸಿ ಗಟಾರಕ್ಕೆ ಒಗೆದರು. ಕಬ್ಬಿಣದ ನಾಲು ಬಡಿದ ತಮ್ಮ ಎಡಗಾಲ ಚಪ್ಪಲಿಯನ್ನು ಅವರ ಬರಿಗಾಲ ಪಕ್ಕದಲ್ಲೇ ಧಡ್ಡನೆ ಊರಿ, "ಈ ಓಣ್ಯಾಗ ಮೆಟ್ಟು ಇದೊಂದ ಇರ್ತೈತಿ" ಎಂದರು. "ನಾಚಿಕಿ ಬರಂಗಿಲ್ಲೇನ್ರಿ ಗೌಡ್ರ?" ಎಂದು ನಾನು ಬಾಗಿಲಿಂದಲೇ ಒದರಿದೆ. ಮಾಸ್ತರರು ಕೆಸರಿನಲ್ಲಿ ಮೂಡಿದ ಆ ಗುರುತನ್ನೇ ನೋಡುತ್ತ ನಿಂತಿದ್ದರು.

ಬಿಸಿಲಿಗೆ ಎರೆಮಣ್ಣು ಬಿಗಿಯಿತು. ಸಾಲಿ ಬಿಟ್ಟ ಮೇಲೆ ಅವರು ಎಲ್ಲರೆದುರು ಬಂದು, ಕರಗಿಸಿದ ಮೇಣವನ್ನು ಗುರುತಿನೊಳಗೆ ಹೊಯ್ದು, ಆರಿದ ಮೇಲೆ ಎತ್ತಿದರು. ಚಪ್ಪಲಿಯ ತಳವೇ ಮೇಣದಲ್ಲಿ ಎದ್ದು ಬಂತು. ಮೇಣದ ಮೇಲೆ ಕರೆಂಟ್ ಹರಿಯುವುದಿಲ್ಲ, ಅದಕ್ಕೇ ಮೈತುಂಬ ಕರಿ ಪುಡಿ ತಿಕ್ಕಿ ಮೈಲುತುತ್ತದ ನೀರಿನಲ್ಲಿ ತೂಗುಬಿಟ್ಟರು. ಎದುರಿಗೊಂದು ತಾಮ್ರದ ತುಂಡು, ಹೊರಗೆ ಬ್ಯಾಟರಿ. ದಿನದಿನಕ್ಕೂ ಕರಿಯ ಮೇಲೆ ಕೆಂಪು ತಾಮ್ರ ಹತ್ತತೊಡಗಿತು.

"ಲಗೂ ಆಗ್ಲಿ ಮಾಸ್ತರ್ರ," ಎಂದರೆ ನಕ್ಕರು. "ಅವಸರಕ್ಕ ಕರೆಂಟ್ ಜಾಸ್ತಿ ಬಿಟ್ರ ತಾಮ್ರ ಹಿಟ್ಟಾಗಿ ಉದುರತೈತ್ರಿ. ಮೆತ್ತಗ ಹತ್ತಿದ್ದು ಬಿಡಂಗಿಲ್ಲ. ಸೇಡೂ ಹಂಗ."

ಮೇಣ ತೆಗೆದು ಹಿಂಬದಿಗೆ ಸೀಸ ಹೊಯ್ದು, ತಮ್ಮ ಹೊಸ್ತಿಲ ಮುಂದೆ ತಳ ಮೇಲಾಗಿ ಕೂಡಿಸಿದರು. ಎಡಗಾಲಿನ ಅರ್ಧ ಮುರಿದ ನಾಲು ಕೂಡ ಹಾಗೇ ಮೂಡಿತ್ತು. ಊರಲ್ಲಿ ಅಂಥ ನಾಲು ಒಬ್ಬರದೇ. "ಕಾಲ ಒರಸಿ ಬರ್ರಿ," ಎನ್ನುತ್ತಿದ್ದರು ಬಂದವರಿಗೆಲ್ಲ, "ಗೌಡ್ರ ಚಪ್ಪಲಿ, ಅಗದಿ ಛಲೋ ಕೆಸರ ತೆಗಿತೈತಿ."

ಕಿತ್ತು ಹಾಕಲು ಗೌಡರು ಹೇಳಿಕಳಿಸಿದರು. "ಅದ ಓಣ್ಯಾಗ ನಿಂತು ತಪ್ಪಾತು ಅನ್ನಲಿ, ನಾನ ಕಿತ್ತು ಕೊಡ್ತೀನಿ" ಎಂದರು ಮಾಸ್ತರರು. ತಪ್ಪಾತು ಬರಲಿಲ್ಲ, ದುಮ್ಮವಾಡಕ್ಕೆ ವರ್ಗದ ಆರ್ಡರ್ ಬಂತು. ಹೊರಡುವ ದಿನ ಗೋಣಿಯಲ್ಲಿ ಸುತ್ತಿ ಅದನ್ನು ನನ್ನ ಮನೆಗೆ ತಂದರು.

"ಅಕ್ಕಾರ, ನಿಮ್ಮ ಮನಿ ಅದ ಓಣ್ಯಾಗ ಐತೆಲ್ಲಾ."

ಅವತ್ತು ಸಂಜೆಯೇ ನನ್ನ ಹೊಸ್ತಿಲ ಮುಂದೆ ಸಿಮೆಂಟ್ ಹಾಕಿಸಿ ಕೂಡಿಸಿದೆ. ಗೌಡರಿಗೆ ಮೈಯೆಲ್ಲ ಉರಿಯಲಿ ಎಂದೇ ದಿನಾ ಹುಣಸೆಹಣ್ಣು ಹಚ್ಚಿ ತಿಕ್ಕಿದೆ.

ಮುಂದಿನ ಮಳೆಗಾಲ ಗೌಡರು ಮಗಳ ಮದುವೆಗೆ ಕರೆಯಲು ಬಂದರು. ಹೊಸ್ತಿಲ ಮುಂದೆ ಕಾಲು ತಡೆಯಿತು. ಓಣಿಯ ಮಂದಿ ತಾಮ್ರವನ್ನೊಮ್ಮೆ, ಗೌಡರ ಎಡಗಾಲನ್ನೊಮ್ಮೆ ನೋಡಿದರು. ಗೌಡರು ಸಾವಕಾಶ ಎರಡೂ ಚಪ್ಪಲಿ ಕಳಚಿ, ಶಾಲಿನೊಳಗೆ ಅಡಗಿಸಿಕೊಂಡು, ಮದುವೆಗೆ ಕರೆಯದೇ ಬರಿಗಾಲಲ್ಲಿ ಹಿಂತಿರುಗಿದರು.

"ಮುಳ್ಳ ಅದಾವ್ರಿ ಗೌಡ್ರ, ನೋಡಿ ನಡೀರಿ!" ಎಂದು ಕೂಗಿದೆ. ಎಂಥ ಖುಷಿ ಅಂತೀರಿ!

ದುಮ್ಮವಾಡಕ್ಕೆ ಹೋಗಿ ಹೇಳಿದಾಗ ಮಾಸ್ತರರು ಕಣ್ಣೀರು ಬರುವ ತನಕ ನಕ್ಕರು. ಒರೆಸಿಕೊಂಡ ಕೆನ್ನೆಯ ಮೇಲೆ ಕರಿ ಪುಡಿ ಹತ್ತಿತು.

"ತಪ್ಪಾತು ಅಂದ್ರೇನ್ರಿ?"

"ಇಲ್ರಿ."

ನಗು ನಿಂತಿತು. "ಹಂಗಾರ ಕೀಳಬ್ಯಾಡ್ರಿ."

ಅದೇ ಕೊನೆಯ ಭೇಟಿ. ಮಾಸ್ತರರು ತೀರಿಹೋದರು, ಆಮೇಲೆ ಗೌಡರೂ ಹೋದರು. ಈಗ ಗೌಡರ ಮಗ ಬರುತ್ತಾನೆ: "ಇನ್ನರ ತೆಗೀರಿ, ಅಕ್ಕಾರ."

"ನಿಮ್ಮಪ್ಪ ತಪ್ಪಾತು ಅನ್ನಲಿಲ್ಲ. ನೀನರ ಅನ್ನು, ಈಗ ತೆಗಿತೀನಿ."

ಅವನು ನೆಲ ನೋಡುತ್ತಾನೆ, ಹೋಗುತ್ತಾನೆ. ಓಣಿ ದಾಟುವ ಮೊದಲೇ ನಾನು ಹೊಸ್ತಿಲಿಗೆ ಬಂದು, ಅವನಿಗೆ ಕೇಳುವಂತೆ, ಎರಡೂ ಕಾಲು ತಿಕ್ಕಿ ತಿಕ್ಕಿ ಒರೆಸಿಕೊಳ್ಳುತ್ತೇನೆ.