ಕೊನೆಯ ಕ್ಯಾನಿನ ಹಾಲು

ಕಸ ಗುಡಿಸಿದೆ, ಬಾಗಿಲಿಗೆ ನೀರು ಹಾಕಿದೆ, ಬಟ್ಟೆ ನೆನೆಹಾಕಿದೆ, ಕಾಫಿ ಕಾಯಿಸಿಟ್ಟೆ, ಐದೂವರೆಗೆ ಹೋಗಿ ಡೈರಿಯ ಬೀಗ ತೆಗೆದೆ. ೧೯೯೭ರಲ್ಲಿ ಹಳೇಬೀಡಿನ ಪಕ್ಕದ ನಮ್ಮೂರಿನ ಹಾಲಿನ ಸೊಸೈಟಿಗೆ ನಾನು ಟೆಸ್ಟರ್. ಒಬ್ಬೊಬ್ಬರ ಹಾಲಿಗೂ ಲ್ಯಾಕ್ಟೋಮೀಟರ್ ಬಿಟ್ಟು ನೀರು ಬೆರೆತಿದೆಯೇ ನೋಡಿ, ಮೂಸಿ, ಅಂಕಿ ಬರೆದು ಕ್ಯಾನಿಗೆ ಸುರಿಸುವುದು ನನ್ನ ಕೆಲಸ. ಸುರಿದ ಮೇಲೆ ಅದು ಯಾರೊಬ್ಬರ ಹಾಲೂ ಅಲ್ಲ, ಎಲ್ಲರದು.

ಮೂರು ದಿನದಿಂದ ಅರಸೀಕೆರೆಯ ಶೀತಲ ಕೇಂದ್ರದಿಂದ ನಮ್ಮ ಕೊನೆಯ ಕ್ಯಾನ್ ವಾಪಸ್ ಬರುತ್ತಿತ್ತು. ಅಲ್ಲಿ ಚೂರು ಹಾಲು ಕಾಯಿಸಿ ನೋಡುತ್ತಾರೆ. ಒಡೆದರೆ ಇಡೀ ಕ್ಯಾನ್ ಬೇಡ. ನಲವತ್ತು ಲೀಟರನ್ನು ಮೂರು ದಿನವೂ ನಾನೇ ಮೋರಿಗೆ ಸುರಿದೆ. ಕೈ ನೋಯುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ತಲೆ ಕೆಟ್ಟಿತ್ತು.

ಸಾಲಿನ ಕೊನೆಯಲ್ಲಿ ನಿಂತು ಆ ಕ್ಯಾನಿಗೆ ಹಾಲು ಹಾಕುವವಳು ಬಸ್ತಿಹಳ್ಳಿ ಕಡೆಯಿಂದ ನಡೆದು ಬರುವ ರಂಗಮ್ಮ. ಗಂಡನಿಲ್ಲದವಳು, ಇದ್ದುದು ಒಂದೇ ಹಸು. ತಪ್ಪು ಅವಳದೇ ಎಂದು ಎಲ್ಲರೂ ತೀರ್ಮಾನಿಸಿಯಾಗಿತ್ತು. "ಇವತ್ತೂ ಒಡೆದ್ರೆ ನಾಳೆಯಿಂದ ಅವಳ ಹಾಲು ಬ್ಯಾಡ ಕಣಮ್ಮ," ಎಂದರು ಸೆಕ್ರೆಟರಿ ಶಿವಣ್ಣ. ಮೂರು ದಿನವೂ ಎಲ್ಲರೆದುರು ಅವಳನ್ನು ಬೈದವಳು ನಾನೇ.

ಅಂದು ನಾಲ್ಕನೆಯ ದಿನ. "ಪಾತ್ರೆ ಸರಿಯಾಗಿ ತೊಳೀತೀಯೇನೆ?" ಎಂದು ರಂಗಮ್ಮನನ್ನು ಕೇಳಿದೆ.

"ಬೂದಿ ಹಾಕಿ ತಿಕ್ತೀನಕ್ಕ. ನನ್ ಮುಖಕ್ಕಿಂತ ಹೊಳೀತೈತೆ, ನೋಡಿ."

ಸ್ಪಿರಿಟ್ ದೀಪ ಹಚ್ಚಿ ಅವಳ ಹಾಲನ್ನು ಕಾಯಿಸಿದೆ. ಉಕ್ಕಿತು, ಒಡೆಯಲಿಲ್ಲ. ಅಷ್ಟರಲ್ಲಿ ವ್ಯಾನ್ ಹಾರನ್ ಹೊಡೆಯಿತು. ನಮ್ಮ ಯಜಮಾನರು ಅಂತೋಣಿ ತಂದಿಟ್ಟಿದ್ದ ನಮ್ಮ ಮನೆಯ ಹಾಲನ್ನು ಎಂದಿನಂತೆ ಎಲ್ಲರದೂ ಆದ ಮೇಲೆ ಎತ್ತಿ ಕ್ಯಾನಿಗೆ ಬಗ್ಗಿಸಲು ಹೋದೆ. ರಂಗಮ್ಮ ಕೈ ಅಡ್ಡ ಹಿಡಿದಳು.

"ಅದನ್ಯಾಕಕ್ಕ ಕಾಯಿಸಲ್ಲ? ನಿಮ್ ಹಸ ಏನು ಸ್ವರ್ಗದಿಂದ ಇಳ್ದು ಬಂದೈತಾ?"

ಕಾಯಿಸಿದೆ. ಹಾಲು ಒಡೆದು ಗಡ್ಡೆ ಗಡ್ಡೆಯಾಗಿ ನಿಂತಿತು.

ಹಾಲು ತಂದು ಅಲ್ಲೇ ನಿಂತಿದ್ದ ಯಜಮಾನರು ನೆಲ ನೋಡುತ್ತಾ, "ಒಂದು ಮೊಲೆ ಬಾತೈತೆ ಕಣೇ, ನಾಲ್ಕು ದಿನ ಆಯ್ತು. ಅಷ್ಟು ಹಾಲಲ್ಲಿ ಇದೇನು ಗೊತ್ತಾಯ್ತದೆ ಅಂದ್ಕೊಂಡೆ," ಎಂದರು. ಕೆಚ್ಚಲು ಬಾವು. ನಾಲ್ಕು ದಿನ ನನ್ನ ಎದುರು ಕೂತು ಉಂಡ ಮನುಷ್ಯ ಬಾಯಿ ಬಿಟ್ಟಿರಲಿಲ್ಲ.

ಅವರನ್ನು ಬೈಯಲು ಬಾಯಿ ತೆರೆದವಳಿಗೆ ಕಂಡದ್ದು ತೆರೆದಿದ್ದ ರಿಜಿಸ್ಟರ್. ನಮ್ಮ ಮನೆಯ ಹೆಸರಿನ ಮುಂದೆ ಲ್ಯಾಕ್ಟೋಮೀಟರಿನ ಅಂಕಿ ದಿನಾ ಇಪ್ಪತ್ತೆಂಟು, ಇಪ್ಪತ್ತೆಂಟು. ಎಲ್ಲ ನನ್ನದೇ ಅಕ್ಷರ. ಎರಡು ವರ್ಷದಿಂದ ನಮ್ಮ ಹಾಲಿಗೆ ನಾನು ಲ್ಯಾಕ್ಟೋಮೀಟರ್ ಬಿಟ್ಟಿರಲಿಲ್ಲ, ಮೂಸಿಯೂ ನೋಡಿರಲಿಲ್ಲ. ವ್ಯಾನ್ ಕಾಯುತ್ತದೆ, ಮನೆಯ ಹಾಲು ತಾನೇ ಎಂದು ಅಂದಾಜಿನಲ್ಲಿ ಬರೆಯುತ್ತಿದ್ದೆ. ಅದನ್ನು ಅಲ್ಲೇ ಹೇಳಿದೆ.

"ಅದ್ಯಾಕಮ್ಮ ಈಗ? ಹಸ ಹುಷಾರಿರಲಿಲ್ಲ ಅಂತ ಬರ್ಕೊಳ್ಳಾಣ, ಮುಗೀತು," ಎಂದರು ಶಿವಣ್ಣ.

"ನಾನು ಟೆಸ್ಟ್ ಮಾಡದೆ ಬರೆದಿದ್ದೂ ಬರ್ಕೊಳ್ಳಿ."

ರಂಗಮ್ಮ ಖಾಲಿ ಪಾತ್ರೆ ಕಂಕುಳಿಗೆ ಸೇರಿಸಿಕೊಂಡಳು. "ಮೂರು ದಿನ ನನ್ನ ಬೈದ್ರಲ್ಲ, ಅದನ್ನೆಲ್ಲಿ ಬರ್ಕೊತೀರಾ?" ಎಂದು ಕೇಳಿ ಬಸ್ತಿಹಳ್ಳಿಯ ದಾರಿ ಹಿಡಿದಳು.

ನಾವು ಭಾನುವಾರ ಬಸ್ಸು ಹಿಡಿದು ಬೇಲೂರಿನ ಚರ್ಚಿಗೆ ಹೋಗುವವರು. ನಾವೆಲ್ಲ ಒಂದೇ ದೇಹದ ಅಂಗಗಳು ಎಂದು ಫಾದರ್ ಎಷ್ಟು ಸಲ ಹೇಳಿದ್ದರೋ. ಪಾಪನಿವೇದನೆಯಲ್ಲಿ ನನ್ನ ಸಿಟ್ಟು, ಸೋಮಾರಿತನ ಎಲ್ಲ ಒಪ್ಪಿಸಿದ್ದೆ. ಇಪ್ಪತ್ತೆಂಟು ಎಂದು ಬರೆದದ್ದು ಪಾಪವೆಂದು ಒಂದು ದಿನವೂ ಹೊಳೆದಿರಲಿಲ್ಲ. ಬಚ್ಚಿಟ್ಟ ಪಾಪವೇನಿದ್ದರೂ ನನಗೂ ದೇವರಿಗೂ ಮಾತ್ರ ಸಂಬಂಧಪಟ್ಟದ್ದು ಎಂದುಕೊಂಡಿದ್ದೆ. ಕ್ಯಾನಿನೊಳಗೆ ನನ್ನದು, ನಿನ್ನದು ಎಂಬ ಗೋಡೆಯಿಲ್ಲ. ನಾವಿಬ್ಬರೂ ಮುಚ್ಚಿಟ್ಟದ್ದು ಏನೂ ಅರಿಯದ ಮನೆಗಳ ಹಾಲನ್ನು ಮೋರಿಗೆ ಕಳಿಸಿತು, ತಪ್ಪನ್ನು ಒಬ್ಬ ಹೆಂಗಸಿನ ತಲೆಗೆ ಕಟ್ಟಿತು. ಮರುದಿನದಿಂದ ನಮ್ಮ ಮನೆಯ ಹಾಲನ್ನೇ ಎಲ್ಲರೆದುರು ಮೊದಲು ಪರೀಕ್ಷಿಸಿದೆ. ಆ ಕೆಲಸ ಬಿಡುವವರೆಗೂ ಹಾಗೇ ನಡೆಸಿದೆ. ರಂಗಮ್ಮ ಮಾತ್ರ ನನ್ನೊಡನೆ ತಮಾಷೆಯಾಡಲು ಬಹಳ ತಿಂಗಳು ಹಿಡಿಯಿತು.

ನಮ್ಮ ಹಾಲು ಒಡೆದ ಆ ದಿನ ಸಂಜೆ ರಾಗಿಮುದ್ದೆ, ಹುರುಳಿಕಾಳಿನ ಸಾರು. ಮಜ್ಜಿಗೆ ಇರಲಿಲ್ಲ. ಯಜಮಾನರು ಎರಡು ಮುದ್ದೆ ಉಂಡು, ಜಪಮಾಲೆಯ ಅರ್ಧಕ್ಕೇ ಆಕಳಿಸಿ, ಮೊದಲು ಮಲಗಿದರು. ಉಳಿದರ್ಧವನ್ನು ನಾನೊಬ್ಬಳೇ ಹೇಳಿ ಮುಗಿಸಿದೆ.