ರಿವರ್ಸ್ ಗೇರಿನಲ್ಲಿ ಹೋದ ತವರ ಸೀರೆ

ಗಾಡಿಯ ಯಾವ ಗಾಲಿ ಎಳೆಯಬೇಕು ಎಂಬ ಮಾತು ನನ್ನ ತವರುಮನೆಯಲ್ಲಿ ಶುರುವಾದರೆ ನಾನು ಈಗ ಎದ್ದು ಹೊರಗೆ ಹೋಗುತ್ತೇನೆ. ಮುಂದಿನ ಗಾಲಿ ಎಳೆಯುವ ಗಾಡಿ ಮೇಲೋ, ಹಿಂದಿನ ಗಾಲಿ ನೂಕುವ ಗಾಡಿ ಮೇಲೋ, ನಾಲ್ಕೂ ಗಾಲಿ ದುಡಿಯುವ ಗಾಡಿ ಮೇಲೋ ಎಂದು ನನ್ನ ಕಾಕಾ ಮತ್ತು ಅಣ್ಣ ಉಂಡ ಕೈ ಒಣಗುವ ತನಕ ವಾದ ಮಾಡಬಲ್ಲರು. ಹೆಂಗಸರು ತಾಟು ಎತ್ತಲು ಕಾದು ನಿಂತಿರಬೇಕು. ವರ್ಷಗಟ್ಟಲೆ ಕೇಳಿ ಕೇಳಿ ನನಗೂ ಅದೆಲ್ಲ ಬಾಯಿಪಾಠವಾಗಿದೆ. ಆ ವಾದದ ಹಿಂದೆ ಏನಿತ್ತು ಎಂಬುದು ತಿಳಿದ ಮೇಲೆ ನನಗೆ ಅದರ ಒಂದು ಅಕ್ಷರವನ್ನೂ ಸಹಿಸಲಾಗುವುದಿಲ್ಲ.

ನನ್ನ ತವರು ಯರಗುಪ್ಪಿಯ ಹತ್ತಿರದ ಒಂದು ಹಳ್ಳಿ. ಅಪ್ಪನ ಅಕ್ಕ, ಅಂದರೆ ನನ್ನ ಸೋದರತ್ತೆಯನ್ನು, ನವಲಗುಂದದ ಕಡೆಯ ಹಳ್ಳಿಗೆ ಕೊಟ್ಟಿದ್ದರು. ಡಾಂಬರು ರಸ್ತೆ ಬಿಟ್ಟ ಮೇಲೆ ಎರಡು ಕಿಲೋಮೀಟರ್ ಬರೀ ಕಪ್ಪು ಎರೆಮಣ್ಣಿನ ದಾರಿ, ನಡುವೆ ಒಂದು ತಿರುವು, ತಿರುವು ದಾಟಿದರೆ ಒಂದು ಆಳವಾದ ತಗ್ಗು. ಮಳೆ ಬಿದ್ದರೆ ಎರೆಮಣ್ಣು ಏನು ಮಾಡುತ್ತದೆಂದು ನಮ್ಮ ಕಡೆ ಯಾರಿಗೂ ಹೇಳಬೇಕಿಲ್ಲ. ಚಪ್ಪಲಿ ಕಿತ್ತುಕೊಳ್ಳುತ್ತದೆ, ಬೈಕಿನ ಗಾಲಿಗೆ ಮೆತ್ತಿ ಮೆತ್ತಿ ಕೊನೆಗೆ ಗಾಲಿಯೇ ತಿರುಗುವುದಿಲ್ಲ. ಪಂಚಮಿ ಹಬ್ಬ ಬರುವುದು ಸರಿಯಾಗಿ ಆ ಮಳೆಯಲ್ಲೇ.

ಪಂಚಮಿಗೆ ಹೆಣ್ಣುಮಕ್ಕಳನ್ನು ಕರೆತರಲು ತವರಿನಿಂದ ಒಬ್ಬ ಗಂಡಸು ಹೋಗಬೇಕು. ಕರೆಯದೆ ಹೋಗುವುದು ಮರ್ಯಾದೆಯಲ್ಲ. ಅಪ್ಪ ಇರುವ ತನಕ ಚಕ್ಕಡಿ ಕಟ್ಟಿಕೊಂಡು ಹೋಗಿ ಅಕ್ಕನನ್ನು ಕರೆತರುತ್ತಿದ್ದ. ಅಪ್ಪ ತೀರಿಕೊಂಡ ಮೇಲೆ ಎತ್ತು ಮಾರಿದರು, ಅಪ್ಪನ ತಮ್ಮ, ನನ್ನ ಕಾಕಾ, ಒಂದು ಹಳೆಯ ಜೀಪು ತಂದ. ಅಲ್ಲಿಂದ ಗಾಲಿಗಳ ಪುರಾಣ ಶುರುವಾಯಿತು.

ಜೀಪಿನದು ಹಿಂದಿನ ಗಾಲಿಯ ನೂಕು. ಚೀಲ ಹೇರಿದಾಗ ಗಟ್ಟಿಯಾಗಿ ಹೋಗುತ್ತಿತ್ತು. ಖಾಲಿ ಇದ್ದರೆ ಹಿಂಭಾಗ ಹಗುರಾಗಿ, ಹಸಿ ಎರೆಯ ಮೇಲೆ ತಿರುಗಿಸಿದರೆ ಸಾಕು, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಮೂತಿ ಒಂದು ಕಡೆ, ಬಾಲ ಒಂದು ಕಡೆ. ಅದಕ್ಕೆ ಕಾಕಾ ಕಂಡುಕೊಂಡ ಮದ್ದು, ಹಿಂದೆ ನಾಲ್ಕು ಚೀಲ ಜೋಳವನ್ನೋ ನಾಲ್ಕು ಮಂದಿಯನ್ನೋ ಕೂಡಿಸುವುದು. ಅಕ್ಕನನ್ನು ಕರೆಯಲು ಮಾತ್ರ ಅವನಿಗೆ ನಾಲ್ಕು ಚೀಲವೂ ಸಿಗಲಿಲ್ಲ, ನಾಲ್ಕು ಮಂದಿಯೂ ಸಿಗಲಿಲ್ಲ. ಫೋನು ಹಚ್ಚುತ್ತಿದ್ದ.

"ಜೀಪು ಆ ರಾಡ್ಯಾಗ ಬಾಲಾ ಹೊಡಿತೈತಿ ಬೇ. ಬಿಸಲು ಬಿದ್ದ ಮ್ಯಾಲ ಬರ್ತೀನಿ."

ಆ ಕಡೆಯಿಂದ ಅತ್ತೆ, "ಆತು ಬಿಡೋ ತಮ್ಮಾ, ಗಾಡಿ ಜ್ವಾಕಿ" ಎನ್ನುತ್ತಿದ್ದಳು. ಬಿಸಿಲು ಬೀಳುತ್ತಿತ್ತು. ಕಾಕಾ ಹೋಗುತ್ತಿರಲಿಲ್ಲ.

ಮುಂದೆ ಅಣ್ಣ ಒಂದು ಸಣ್ಣ ಕಾರು ಕೊಂಡ. ಮುಂದಿನ ಗಾಲಿ ಎಳೆಯುವ ಕಾರು. ಎಂಜಿನ್ನಿನ ಭಾರವೆಲ್ಲ ಎಳೆಯುವ ಗಾಲಿಯ ಮೇಲೇ ಕೂತಿರುವುದರಿಂದ ಇದು ರಾಡಿಗೆ ಒಳ್ಳೆಯದು ಎಂದು ಮೂರು ತಿಂಗಳು ಹೊಗಳಿದ. ಪಂಚಮಿ ಬಂದಾಗ ಅದೇ ಕಾರಿಗೆ ಬೇರೆ ದೋಷ ಹುಟ್ಟಿತು. ಎಳೆಯುವುದೂ ಅದೇ ಗಾಲಿ, ತಿರುಗುವುದೂ ಅದೇ ಗಾಲಿ, ಅದು ಜಾರಿದರೆ ಸ್ಟೇರಿಂಗು ಎಷ್ಟು ತಿರುಗಿಸಿದರೂ ಕಾರು ಮೂಗಿನ ನೇರಕ್ಕೆ ಹೊಲಕ್ಕೇ ಹೋಗುತ್ತದಂತೆ. ಹೇಳಿದ್ದರಲ್ಲಿ ಸುಳ್ಳಿಲ್ಲ, ಅದೇ ನನಗೆ ಹೇಸಿಗೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವರು ನೆಲದ ಡೊಂಕನ್ನು ಅಳೆದು ತೂಗಿ ವಿವರಿಸುವಷ್ಟು ಜಾಣರು.

ಆ ಸಣ್ಣ ಕಾರನ್ನು ಆರು ವರ್ಷದ ಹಿಂದೆ ನಾನೇ ಕೊಂಡೆ. ನಾನು ಅಣ್ಣಿಗೇರಿಯಲ್ಲಿ ಶಾಲೆ ಮಾಸ್ತರಿಕೆ ಮಾಡುವವಳು. ಅಣ್ಣ ದೊಡ್ಡ ಗಾಡಿ ತಂದ. ನಾಲ್ಕೂ ಗಾಲಿ ದುಡಿಯುವಂಥದ್ದು, ಎಮ್ಮೆಯ ಕೊಟ್ಟಿಗೆ ಒಡೆಸಿ ಅದಕ್ಕೆ ಜಾಗ ಮಾಡಿಸಿದ. ಒಳಗೆ ತಿರುಗಿಸುವ ಒಂದು ಗುಂಡಿಯ ಸುತ್ತ ಚಿತ್ರಗಳಿದ್ದವು: ಕೆಸರು, ಮರಳು, ಹಿಮ. ಕುಂದಗೋಳ ತಾಲೂಕಿನಲ್ಲಿ ಹಿಮ ಬಿದ್ದರೂ ಅಣ್ಣ ತಯಾರಿದ್ದ. ಆದರೆ ಪಂಚಮಿಗೆ, "ಹೊಸಾ ಗಾಡಿ, ತಳಕ್ಕ ರಾಡಿ ಮೆತ್ತಿದರ ತೊಳಿಯಾಕ ಬರಂಗಿಲ್ಲ" ಎಂದ. ಪ್ರತಿ ವರ್ಷ ಅದು ಹೊಸ ಗಾಡಿಯೇ ಆಗಿರುತ್ತಿತ್ತು.

ನನ್ನನ್ನು ಮಾತ್ರ ತಪ್ಪದೆ ಕರೆಯುತ್ತಿದ್ದ. ಅಣ್ಣಿಗೇರಿಗೆ ಡಾಂಬರು ಇದೆಯಲ್ಲ! ನಾನು ಹೋಗಿ ಜೋಕಾಲಿ ಆಡಿ, ಶೇಂಗಾ ಉಂಡಿ, ಎಳ್ಳುಂಡಿ ತಿಂದು, ಕುಪ್ಪಸದ ಬಟ್ಟೆ ಕಟ್ಟಿಕೊಂಡು ಬರುತ್ತಿದ್ದೆ. ಅತ್ತೆಯ ಮಾತು ಬಂದರೆ, "ಪಾಪ, ರಸ್ತೆ ಚಲೋ ಇಲ್ಲ" ಎಂದು ನಾನೂ ಇನ್ನೊಂದು ಉಂಡಿಗೆ ಕೈ ಹಾಕುತ್ತಿದ್ದೆ.

ಹೋದ ಶ್ರಾವಣದಲ್ಲಿ, ಪಂಚಮಿ ಇನ್ನೂ ಎರಡು ದಿನ ಇದೆ ಎನ್ನುವಾಗ, ಅತ್ತೆ ನಿದ್ದೆಯಲ್ಲೇ ಹೋದಳೆಂದು ಬೆಳಿಗ್ಗೆ ಫೋನು ಬಂತು. ಮಾವ ಇನ್ನೂ ಇದ್ದ, ಮುತ್ತೈದೆ ಸಾವು. ಅಂಥವಳಿಗೆ ತವರಿನ ಹಸಿರು ಸೀರೆ ಉಡಿಸಿ, ಉಡಿ ತುಂಬಿಯೇ ಮಣ್ಣಿಗೆ ಒಯ್ಯಬೇಕು. ನಾಲ್ಕು ಗಂಟೆಗೆ ಎತ್ತುತ್ತೇವೆ, ಅಷ್ಟರೊಳಗೆ ತವರ ಸೀರೆ ಬರಲಿ ಎಂದು ಆ ಮನೆಯವರು ಹೇಳಿದ್ದರು. ಜೀವ ಇದ್ದಾಗ ಹಬ್ಬದ ಸೀರೆ ಕೊಡಲು ಹೋಗದವರು ಈಗ ಮೂರು ಗಾಡಿ ಹೊರಡಿಸಿದರು. ಅಣ್ಣನ ದೊಡ್ಡ ಗಾಡಿ ಮುಂದೆ, ಸೀರೆಯ ಬುಟ್ಟಿ ಅದರಲ್ಲೇ. ನಡುವೆ ಗಂಡಸರನ್ನು ತುಂಬಿಕೊಂಡ ಕಾಕಾನ ಜೀಪು. ಎಲ್ಲರ ಹಿಂದೆ, ಫೋನು ಬಂದೊಡನೆ ಅಣ್ಣಿಗೇರಿಯಿಂದ ಓಡಿಸಿಕೊಂಡು ಬಂದಿದ್ದ ನನ್ನ ಸಣ್ಣ ಕಾರು, ಪಕ್ಕದಲ್ಲಿ ಅವ್ವ.

ಡಾಂಬರು ಮುಗಿಯಿತು. ಅಣ್ಣ ಗುಂಡಿಯನ್ನು ಕೆಸರಿನ ಚಿತ್ರಕ್ಕೆ ತಿರುಗಿಸಿರಬೇಕು, ಗಾಡಿ ರಾಡಿಯನ್ನೇ ಲೆಕ್ಕಿಸದೆ ನುಗ್ಗಿತು. ನಾಲ್ಕು ಗಾಲಿ ದುಡಿದರೆ ಗಾಡಿ ಹೊರಡುವುದಕ್ಕೆ ಅನುಕೂಲ, ನಿಲ್ಲುವುದಕ್ಕಲ್ಲ. ಬ್ರೇಕು ಒತ್ತಿದರೆ ಎಲ್ಲ ಗಾಡಿಯೂ ಒಂದೇ, ಭಾರದ್ದು ಇನ್ನೂ ಕಡೆ. ಈ ಒಂದು ಮಾತು ಅಣ್ಣನ ಪುರಾಣದಲ್ಲಿ ಎಂದೂ ಬಂದಿರಲಿಲ್ಲ. ತಿರುವಿನಲ್ಲಿ ಬ್ರೇಕು ಒತ್ತಿದ. ಗಾಡಿ ಬೆಣ್ಣೆಯ ಮೇಲೆ ಜಾರಿದಂತೆ ನೇರ ಹೋಗಿ ಬದುವಿನ ಪಕ್ಕದ ಕಾಲುವೆಗೆ ಮೂತಿ ಇಟ್ಟಿತು. ಅದನ್ನು ತಪ್ಪಿಸಲು ಕಾಕಾ ಸ್ಟೇರಿಂಗು ಎಳೆದ, ಜೀಪಿನ ಬಾಲ ಹೊರಳಿ ಎದುರಿನ ಹೆಸರುಕಾಳಿನ ಹೊಲಕ್ಕೆ ಇಳಿಯಿತು. ನಾನು ನಿಲ್ಲಿಸಿದೆ. ಮತ್ತೆ ಹೊರಡಲು ಹೋದರೆ ಮುಂದಿನ ಗಾಲಿ ನಿಂತಲ್ಲೇ ಗಿರಗಿರ ತಿರುಗಿತು.

ಮೂರೂವರೆ ಆಗಿತ್ತು. ಯಾರಿಗೂ ಏನೂ ಆಗಿರಲಿಲ್ಲ, ಬಾಯಿಗಳಂತೂ ನೆಟ್ಟಗೇ ಇದ್ದವು. ಮೊಣಕಾಲ ತನಕ ರಾಡಿಯಲ್ಲಿ ನಿಂತು ಕಾಕಾ, "ನಾಕೂ ಗಾಲಿ ಎಳದ್ರ ಏನ್ ಹರೀತೋ?" ಎಂದ. ಅಣ್ಣ, "ಟೈಯರ್ ಸರಿ ಇಲ್ಲ ಕಾಕಾ, ಗಾಡೀದೇನೂ ತಪ್ಪಿಲ್ಲ" ಎಂದ. ಅಲ್ಲಿ ಒಬ್ಬಳು ನಮ್ಮ ಕಡೆಯ ರೂಢಿಯಂತೆ ಹೆಣವಾಗಿಯೂ ಗೋಡೆಗೆ ಒರಗಿ ಕೂತು ಸೀರೆಗೆ ಕಾಯುತ್ತಿದ್ದಾಳೆ, ಇಲ್ಲಿ ಇವರು ಟೈಯರಿನ ಹಲ್ಲು ಎಣಿಸುತ್ತಿದ್ದಾರೆ! ನನಗೆ ಉಗಿಯಬೇಕೆನಿಸಿತು.

"ಸೀರಿ ಕೊಡ್ರಿ, ನಾ ನಡಕೊಂತ ಹೋಗ್ತೀನಿ" ಎಂದೆ.

"ರಾಡಿ ಬಡಕೊಂಡು ನಡದು ಹೋದರ ತವರಿನ ಮಾನ ಏನ್ ಉಳೀತಬೇ?" ಎಂದ ಕಾಕಾ. "ಮ್ಯಾಲ ನೀ ಹೊರಗ ಕೊಟ್ಟ ಹೆಣ್ಣು. ತವರ ಸೀರಿ ನೀ ಒಯ್ಯಂಗಿಲ್ಲ."

ಅವ್ವ ಇಳಿದಳು. ಅವಳಿಗೆ ಮೊಣಕಾಲು ಬೇನೆ, ನಾಲ್ಕು ಹೆಜ್ಜೆಗೆ ನಿಲ್ಲುವವಳು. ಅಣ್ಣನ ಗಾಡಿಯ ಬಾಗಿಲು ತೆರೆದು ಬುಟ್ಟಿ ಎತ್ತಿಕೊಂಡು ಬಂದು ನನ್ನ ಪಕ್ಕ ಕೂತಳು. "ಅಕೀ ತವರ ಮನೀ ಸೊಸಿ ನಾ ಅದೀನಿ. ನಾ ಒಯ್ತೀನಿ. ನೀ ಗಾಡಿ ತಗಿ."

ನನ್ನ ಗಾಡಿ ತೆಗೆಯಲು ಗಂಡಸರೆಲ್ಲ ಓಡಿ ಬಂದರು. ಬಂದವರೇ ಮಾಡಿದ್ದೇನು? ಐದು ಮಂದಿ ಡಿಕ್ಕಿಯ ಮೇಲೆ ಏರಿ ಕೂತರು. ಜೀಪಿನ ಕಾಲದ ರೂಢಿ, ಗಾಡಿ ಸಿಕ್ಕಿಕೊಂಡರೆ ಹಿಂದೆ ಭಾರ. ಇವರ ಭಾರಕ್ಕೆ ಹಿಂಭಾಗ ಕುಸಿದು ಮುಂಭಾಗ ಹಗುರಾಗಿ ಎಳೆಯುವ ಗಾಲಿಗೆ ನೆಲವೇ ಸಿಗದಂತಾಯಿತು. ವರ್ಷಾನುಗಟ್ಟಲೆ ಗಾಲಿಯ ಶಾಸ್ತ್ರ ಒದರಿದವರಿಗೆ ಎದುರಿಗೆ ನಿಂತ ಗಾಡಿಯನ್ನು ಯಾವ ಗಾಲಿ ಎಳೆಯುತ್ತದೆ ಎಂಬುದು ನೆನಪಿಲ್ಲ.

"ಇಳೀರಿ!" ಎಂದು ಕಿರುಚಿದೆ. ನಾನು ಹಾಗೆ ಕಿರುಚಿದ್ದನ್ನು ಕಾಕಾ ಅಂದೇ ಮೊದಲು ಕೇಳಿದ್ದು.

ಅಣ್ಣಿಗೇರಿಯಲ್ಲಿ ನನ್ನ ಗಾಡಿ ನೋಡುವ ಮೇಸ್ತ್ರಿ ಒಮ್ಮೆ ಹೇಳಿದ್ದ. "ಬಾಯಾರ, ನಿಮ್ಮ ಗಾಡಿ ರಾಡ್ಯಾಗ ಏರು ಹತ್ತಲಿಲ್ಲಂದ್ರ ಹೊಳ್ಳಿಸಿ ರಿವರ್ಸ್ ಹಾಕ್ರಿ. ಏರಿಗೆ ಹಿಮ್ಮುಖ ಹೊಂಟ್ರ ಭಾರೆಲ್ಲಾ ಕೆಳಗಿನ ಗಾಲೀ ಮ್ಯಾಲ ಬೀಳ್ತೈತಿ, ಅವ ನಿಮ್ಮ ಎಳಿಯೂ ಗಾಲಿ." ಗಂಡಸರಿಂದ ನೂಕಿಸಿ, ಹೊಲದ ಬಾಯಲ್ಲಿ ಗಾಡಿಯನ್ನು ಹೊರಳಿಸಿದೆ. ಕತ್ತು ಹಿಂದಕ್ಕೆ ತಿರುವಿ ರಿವರ್ಸ್ ಹಾಕಿದೆ.

"ಸತ್ತ ಮನಿಗೆ ಹಿಂದ ಮುಂದಾಗಿ ಹೋಗ್ತಾರೇನು, ಅಪಶಕುನ!" ಎಂದು ಕಾಕಾ ಕೂಗಿದ. ಒಬ್ಬರೂ ಹತ್ತಲಿಲ್ಲ. ನನ್ನ ಬಾನೆಟ್ಟಿನ ಎದುರು ಧೋತರ ಎತ್ತಿಕೊಂಡು ನಡೆದು ಬಂದರು.

ತಗ್ಗಿಗೆ ಇಳಿದೆ. ತಳದಲ್ಲಿ ಒಂದು ಕ್ಷಣ ಗಾಲಿ ಜಾರಿತು, ಅವ್ವ ಬುಟ್ಟಿ ಎದೆಗೆ ಒತ್ತಿಕೊಂಡಳು. ಅಷ್ಟರಲ್ಲಿ ಅಡಿಯಲ್ಲಿ ಏನೋ ಕಟಕಟ ಎಂದಿತು, ಗಾಲಿಗೆ ಹಿಡಿತ ಸಿಕ್ಕಿತು. ಗಾಡಿ ಬುಡ ಮುಂದಾಗಿ ಏರು ಹತ್ತಿ ಮೇಲೆ ಬಂತು. ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ನಾವು ಅತ್ತೆಯ ಅಂಗಳದಲ್ಲಿದ್ದೆವು. ನೆರೆದವರು ಬಾಯಿಗೆ ಸೆರಗು ಹಿಡಿದು ನಕ್ಕರು, ಸತ್ತವರ ಮನೆಯಲ್ಲಿ ನಗು ತಡೆದರೂ ಗೊತ್ತಾಗುತ್ತದೆ. ಅವ್ವ ಸೀರೆ ಮುಂದಿಟ್ಟಳು, ಮುತ್ತೈದೆಯರು ಉಡಿಸಿ ಉಡಿ ತುಂಬಿದರು. ಅತ್ತೆಯ ಕೈ ಎಷ್ಟು ಸಣ್ಣದಾಗಿತ್ತೆಂದರೆ ಹಸಿರು ಬಳೆ ಮೊಣಕೈ ತನಕ ಜಾರುತ್ತಿತ್ತು.

ನಾನೂ ಅಳುತ್ತಿದ್ದೆ. ಅಳುತ್ತಲೇ ಒಳಗೊಳಗೆ ಹೆಮ್ಮೆಪಟ್ಟೆ ಎಂಬುದನ್ನೂ ಹೇಳಬೇಕು. ಅಣ್ಣ ಹೋಗದೆಂದು ಮಾರಿದ ಗಾಡಿಯನ್ನು ನಾನು ತಂದೆ, ನಾನೇ ಸೀರೆ ಮುಟ್ಟಿಸಿದೆ ಎಂಬ ಹೆಮ್ಮೆ.

ಮಣ್ಣು ಮುಗಿಸಿ ಬಂದ ಮೇಲೆ ಅತ್ತೆಯ ಸೊಸೆ ಕೈಕಾಲಿಗೆ ನೀರು ಕೊಡಲು ಹೊರಗೆ ಬಂದಳು. ನನ್ನ ಗಾಡಿಯ ಮುಂದಿನ ಗಾಲಿಯ ಸಂದಿಯಲ್ಲಿ ರಾಡಿಯ ಜೊತೆ ಕರಿ ಕಡ್ಡಿಗಳು ಸಿಕ್ಕಿಕೊಂಡಿದ್ದವು. ಅವಳು ಬಗ್ಗಿ ಒಂದನ್ನು ಎಳೆದಳು. ಹತ್ತಿ ಗಿಡದ ಒಣ ಕಟ್ಟಿಗೆ.

"ಇವು ಅತ್ತೇರು ಹಾಸಿದ್ದು" ಎಂದಳು.

ನನಗೆ ತಿಳಿಯಲಿಲ್ಲ. ಅವಳು ಕೊಡ ಕೆಳಗಿಟ್ಟಳು. "ಪಂಚಮಿ ಬಂತಂದ್ರ ವರ್ಷಾ ಹಾಸ್ತಿದ್ರು. 'ನಮ್ಮ ತಮ್ಮನ ಗಾಡಿ ತಗ್ಗಿನ್ಯಾಗ ಜಾರತೈತಂತ, ಅದಕ್ಕ ಬರವಲ್ಲ' ಅಂತಿದ್ರು. ಒಲಿಗೆ ಇಟ್ಟ ಕಟಗಿ ಹೊರಿ ಕಟ್ಟಿ ಹೊತಗೊಂಡು ಹೋಗಿ, ತಗ್ಗಿನ ಎರಡೂ ಏರಿಗೆ ಹಾಸಿ ಬರೂವ್ರು. ಬ್ಯಾಡ್ರಿ, ಯಾರೂ ಬರಂಗಿಲ್ಲಂದ್ರೂ ಕೇಳತಿರಲಿಲ್ರಿ. ಮೊನ್ನೆನೂ ಹಾಸಿ ಬಂದಿದ್ರು."

ಅಷ್ಟರಲ್ಲಿ, ಮಣ್ಣು ಮುಗಿಸಿ ನೇರ ಗಾಡಿ ತೆಗೆಸಲು ಹೋಗಿದ್ದ ಅಣ್ಣ, ಕಾಕಾ ಊರಿನ ಟ್ರ್ಯಾಕ್ಟರಿನಿಂದ ಎಳೆಸಿಕೊಂಡು ಬಂದರು. ಅಣ್ಣ ನನ್ನ ಕಾರಿನ ಬಾನೆಟ್ಟು ತಟ್ಟಿ, "ನಾ ಆವಾಗ್ಲೇ ಹೇಳಿದ್ದೆ, ಹಗುರ ಗಾಡಿ, ಮುಂದಿನ ಎಳತ, ದಾಟತೈತಿ ಅಂತ" ಎಂದ. ಕಾಕಾ ತಲೆದೂಗಿದ. ಅವರ ಮುಖ ನೋಡಲು ಹೇಸಿಗೆಯಾಯಿತು. ಅವಳ ಕೈಯಲ್ಲಿದ್ದ ಹತ್ತಿ ಕಟ್ಟಿಗೆಯನ್ನು ಅಣ್ಣನಿಗೆ ತೋರಿಸಿ ಎಲ್ಲ ಹೇಳಬೇಕೆಂದು ಬಾಯಿ ತೆರೆದೆ. ಆದರೆ ಆ ಗಾಡಿ ಐದು ಪಂಚಮಿ ನನ್ನ ಅಂಗಳದಲ್ಲೇ ನಿಂತಿತ್ತು. ಅಣ್ಣಿಗೇರಿಯಿಂದ ಈ ಊರಿಗೆ ನನಗೆ ದೂರವೂ ಅಲ್ಲ. ಬಾಯಿ ಮುಚ್ಚಿದೆ.

ತಿರುಗಿ ಬರುವಾಗ ಕಾರನ್ನು ಮುಂದಕ್ಕೇ ಓಡಿಸಿದೆ. ಅವ್ವ ಖಾಲಿ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ತಗ್ಗಿಗೆ ಇಳಿದು ಎದುರಿನ ಏರು ಹತ್ತಿದೆ. ಕಟ್ಟಿಗೆ ಕಟಕಟ ಎನ್ನುತ್ತಿತ್ತು. ಗಾಲಿ ಒಂದು ಸಲವೂ ಜಾರಲಿಲ್ಲ.